ಅಂಗಿಯ ಮೇಲಿನ ನೆಲಗುಬ್ಬಿ

ಅಮೃತಮಹಲ್ ಕಾವಲುಗಳ ಚರಿತ್ರೆ ಹುಡುಕುತ್ತಾ ಹಿರೇನಲ್ಲೂರಿಗೆ ಹೋದ ದಿನ, ನಾನು ತೊಟ್ಟಿದ್ದ ಟೀ ಶರ್ಟಿನ ಎದೆಯ ಮೇಲೆ ಗೆಳೆಯ ತೆಗೆದ ನೆಲಗುಬ್ಬಿಯ ಫೋಟೋ ಇತ್ತು. ಬಸ್ಸಿಗೆ ಕಾಯುತ್ತಿದ್ದ ಕುರಿ ಕಾಯುವ ಅಜ್ಜ ಅದನ್ನೇ ದಿಟ್ಟಿಸಿ, “ನೆಲಗುಬ್ಬಿ ಅಲ್ವೇನಪ್ಪ ಇದು? ಗಂಡೊಂದೇ ಐತೆ, ಹೆಣ್ಣೆಲ್ಲಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಗಂಡು ನೆಲಗುಬ್ಬಿಗೆ ಬೂದು ನೆತ್ತಿ, ಕಪ್ಪು ಹೊಟ್ಟೆ. ಮೇಲಕ್ಕೆ ಹಾರಿ, ರೆಕ್ಕೆ ಮಡಚಿ, ಸಿಳ್ಳೆ ಹಾಕುತ್ತಾ ಧುಮುಕುವ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಹೆಣ್ಣು ಮಣ್ಣಿನ ಬಣ್ಣದ್ದು. ಹೆಂಟೆಯ ಮರೆಯಲ್ಲಿ ಗೂಡು ಮಾಡಿ ಕೂತರೆ ಕಾಲ ಬುಡದಲ್ಲಿದ್ದರೂ ಕಾಣದು.

ಬಟ್ಟೆಯ ಮೇಲೆ ಹಕ್ಕಿ ನಮಗೆ ಹೊಸದಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ನವಿಲು, ಗಿಳಿಗಳಿವೆ. ಬಯಲಿನ ಕಂದು ಹಕ್ಕಿ ಅಂಗಿಗೆ ಬರಲು ಕ್ಯಾಮೆರಾ ಬೇಕಾಯಿತು. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದಾಗ ದಾಖಲೆಯೆಂದರೆ ಬಂದೂಕಿನಿಂದ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿಟ್ಟ ಹಕ್ಕಿ. ಆಮೇಲೆ ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಜೀವಂತ ಹಕ್ಕಿಯನ್ನು ಫಿಲಂನಲ್ಲಿ ಹಿಡಿದರು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ಚಿತ್ರ ಎಲ್ಲರ ಕೈಗೂ ಸಿಕ್ಕಿತು. ಈಗ ಕಾಗದದ ಮೇಲಿನ ಬಣ್ಣವನ್ನು ಕಾವು ಕೊಟ್ಟು ಪಾಲಿಯೆಸ್ಟರ್ ಬಟ್ಟೆಗೆ ಇಳಿಸಲು ಕೆಲವೇ ನಿಮಿಷ ಸಾಕು.

ಒಂದು ಅಂಗಿ ಮಾಡಿಸುವಾಗ ಅಂಗಡಿಯ ಹುಡುಗ, “ಸರ್, ಹಿಂದಿರೋದು ಬರೀ ಮಣ್ಣು, ತೆಗೆದುಬಿಡ್ಲಾ?” ಎಂದು ಕೇಳಿದ್ದ. ನಾನೇ ಹೂಂ ಎಂದಿದ್ದೆ.

ಆ ‘ಬರೀ ಮಣ್ಣಿಗೆ’ ಮುನ್ನೂರು ವರ್ಷಗಳ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳಲು ಬೆಣ್ಣೆ ಚಾವಡಿ ಇತ್ತು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳಿಗೆ ಮೇವು ಬೇಕೆಂದು ಹುಲ್ಲುಗಾವಲುಗಳನ್ನು ಕಾವಲುಗಳಾಗಿ ಮೀಸಲಿಟ್ಟರು. ಕಡೂರು, ತರೀಕೆರೆ, ಅಜ್ಜಂಪುರದ ಬಯಲುಗಳಲ್ಲೂ ಅವು ಹರಡಿದ್ದವು. ದನ ಮೇಯುತ್ತಿದ್ದ ಆ ಬಯಲು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ ಒದಗಿಬಂತು. ರಾಜರು ಹಕ್ಕಿಗಾಗಿ ಏನನ್ನೂ ಉಳಿಸಲಿಲ್ಲ, ಆದರೂ ಹಕ್ಕಿ ಉಳಿಯಿತು.

ಫಿರಂಗಿಗೆ ಎತ್ತು ಬೇಡವಾದ ಮೇಲೆ ಕಾವಲು ‘ಪಾಳು ಬಿದ್ದ ಜಾಗ’ವಾಯಿತು. ಒಂದಷ್ಟು ಸಾಗುವಳಿಗೆ ಹೋಯಿತು, ಒಂದಷ್ಟರಲ್ಲಿ ನೀಲಗಿರಿ ನೆಟ್ಟರು. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿದ್ದು ದೊಡ್ಡ ಸಮಾಧಾನ. ಆದರೆ ಅದು ಕೆಲವೇ ಚದರ ಕಿಲೋಮೀಟರಿನ ತುಂಡು. ಕಾಡು ಕಡಿದರೆ ನಮಗೆ ನೋವಾಗುತ್ತದೆ. ಹುಲ್ಲುಗಾವಲಿನಲ್ಲಿ ಗಿಡ ನೆಟ್ಟರೆ ಚಪ್ಪಾಳೆ ತಟ್ಟುತ್ತೇವೆ.

ಊರಿಗೆ ಮರಳಿದ ರಾತ್ರಿ ಗೆಳೆಯ ಕಳಿಸಿದ್ದ ಮೂಲ ಫೋಟೋ ತೆರೆದು ದೊಡ್ಡದು ಮಾಡಿ ನೋಡಿದೆ. ಗಂಡಿನ ಹಿಂದೆ, ಎಡಕ್ಕೆ, ಒಣಹುಲ್ಲಿನ ಬುಡದಲ್ಲಿ ಹೆಂಟೆಯೊಂದಕ್ಕೆ ಕಣ್ಣಿತ್ತು. ಹೆಣ್ಣು ಅಲ್ಲೇ ಕೂತಿತ್ತು. ಹಿನ್ನೆಲೆ ಎನ್ನುವ ಮಾತಿನೊಳಗೇ ನೆಲೆ ಇದೆ ಎಂಬುದು ಅಂದು ಹೊಳೆಯಿತು.

ಹೊಸ ಅಂಗಿ ಮಾಡಿಸಿದ್ದೇನೆ, ಈ ಸಲ ಮಣ್ಣು ಹುಲ್ಲು ಎಲ್ಲ ಸೇರಿಸಿ. ದೂರದಿಂದ ನೋಡಿದವರು ಕೊಳೆಯಾಗಿದೆ ಎನ್ನುತ್ತಾರೆ. ಮುಂದಿನ ಸಲ ಹಿರೇನಲ್ಲೂರಿಗೆ ಇದನ್ನೇ ತೊಟ್ಟು ಹೋಗಬೇಕು, ಆ ಅಜ್ಜ ಸಿಕ್ಕರೂ ಸಿಕ್ಕಾರು.