ಒಂದೇ ಪುಟಕ್ಕೆ ಎರಡು ಅಪ್ಪಣೆ

ಒಂದೇ ಸುತ್ತೋಲೆಯನ್ನು ಎರಡು ವಿಭಾಗಗಳು ಎರಡು ಬಗೆಯಾಗಿ ಅರ್ಥಮಾಡಿಕೊಂಡರೆ ಅಲೆದಾಡುವವನು ಅರ್ಜಿದಾರ. ಕಚೇರಿಯಲ್ಲಿ ದುಡಿಯುವ ನಮಗೆಲ್ಲ ಇದು ಗೊತ್ತು. ಅಂತರಜಾಲದ ಪುಟಗಳಿಗೂ ಒಮ್ಮೆ ಇದೇ ಗತಿ ಬಂದಿತ್ತು. ನಮ್ಮಲ್ಲಿ ಅನೇಕರ ಮಕ್ಕಳು ಗಣಕಯಂತ್ರದ ಉದ್ಯೋಗದಲ್ಲಿರುವುದರಿಂದ ಆ ಕಥೆ ಹಿರಿಯರಿಗೂ ತಿಳಿದಿರುವುದು ಒಳಿತು.

ಪುಟದ ವಿಷಯ ಬೇರೆ, ಅದರ ಅಲಂಕಾರ ಬೇರೆ. ಅಕ್ಷರದ ಬಣ್ಣ, ಗಾತ್ರ, ಅಂಚು ಮುಂತಾದವುಗಳ ನಿಯಮಗಳನ್ನು ಪ್ರತ್ಯೇಕವಾಗಿ ಬರೆದಿಡುವ ‘ಸ್ಟೈಲ್‌ಶೀಟ್’ ಪದ್ಧತಿಯೊಂದನ್ನು ನಾರ್ವೆಯ ಹೋಕನ್ ವೀಯುಮ್ ಲೀ 1994ರಲ್ಲಿ ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಅದಕ್ಕೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಸಂಸ್ಥೆಯ ಮನ್ನಣೆ ದೊರೆಯಿತು. ಈ ನಡುವೆ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಸಿದ್ಧಪಡಿಸಿದ್ದರು. ತೆರೆದ ಪುಟವನ್ನೂ ಬದಲಿಸಬಲ್ಲ ಶಕ್ತಿ ಸ್ಕ್ರಿಪ್ಟಿನದು. ಎರಡೂ ಕೂಡಿದರೆ, ಗುಂಡಿಯೊಂದನ್ನು ಒತ್ತಿದೊಡನೆ ಅಕ್ಷರಗಳು ದೊಡ್ಡದಾಗಬಲ್ಲವು. ಮುಚ್ಚಿದ್ದ ಭಾಗ ತೆರೆದುಕೊಳ್ಳಬಲ್ಲದು.

ಆದರೆ 1997ರಲ್ಲಿ ಬಂದ ನಾಲ್ಕನೆಯ ಆವೃತ್ತಿಗಳಲ್ಲಿ ನೆಟ್‌ಸ್ಕೇಪ್ ಒಂದು ದಾರಿ ಹಿಡಿಯಿತು, ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇನ್ನೊಂದು ದಾರಿ ಹಿಡಿಯಿತು. ಪುಟದ ಒಂದು ಭಾಗವನ್ನು ಸ್ಕ್ರಿಪ್ಟಿನಿಂದ ಹಿಡಿಯಲು ಅಲ್ಲಿ ‘ಡಾಕ್ಯುಮೆಂಟ್ ಲೇಯರ್ಸ್’ ಎನ್ನಬೇಕು, ಇಲ್ಲಿ ‘ಡಾಕ್ಯುಮೆಂಟ್ ಆಲ್’ ಎನ್ನಬೇಕು. ಆದುದರಿಂದ ಒಂದೇ ಕೆಲಸಕ್ಕೆ ಎರಡೆರಡು ಅಪ್ಪಣೆಗಳನ್ನು ಬರೆಯಬೇಕಾಯಿತು. ಆ ಶ್ರಮಕ್ಕೆ ಹಣವಾಗಲಿ ಸಮಯವಾಗಲಿ ಇಲ್ಲದವರು ‘ಈ ಪುಟವನ್ನು ಇಂಥ ಬ್ರೌಸರಿನಲ್ಲೇ ನೋಡಿ’ ಎಂದು ಬರೆದು ಕೈತೊಳೆದುಕೊಂಡರು. ಆ ಬ್ರೌಸರ್ ಇಲ್ಲದ ಓದುಗ ಬಾಗಿಲಿನಿಂದಲೇ ಹಿಂದಿರುಗಬೇಕಾಯಿತು.

ಇದಕ್ಕೆ ಪರಿಹಾರವಾಗಿ ಕನ್ಸಾರ್ಟಿಯಂ 1998ರಲ್ಲಿ ಎಲ್ಲರಿಗೂ ಸಮಾನವಾದ ಕ್ರಮವನ್ನು ಪ್ರಕಟಿಸಿತು. ಸ್ಟೈಲ್‌ಶೀಟಿಗೆ ಸಂಬಂಧಿಸಿದ ಭಾಗ 2000ದಲ್ಲಿ ಬಂದಿತು. ಅದರಂತೆ ಹೊಸ ನಿಯಮ ಸೇರಿಸಲು ‘ಇನ್ಸರ್ಟ್‌ರೂಲ್’ ಎನ್ನಬೇಕು. ಎಕ್ಸ್‌ಪ್ಲೋರರ್ ಮಾತ್ರ ತನ್ನ ‘ಆ್ಯಡ್‌ರೂಲ್’ ಅನ್ನೇ ಹಿಡಿದು ಕುಳಿತಿತು. 2006ರಲ್ಲಿ ಜಾನ್ ರೆಸಿಗ್ ಹೊರತಂದ ಜೆಕ್ವೆರಿ ದುಭಾಷಿಯಂತೆ ನಡುವೆ ನಿಂತು, ಇಂಥ ಅನೇಕ ಭೇದಗಳ ಭಾರವನ್ನು ತಾನೇ ಹೊತ್ತು, ಪುಟ ಬರೆಯುವವರ ಹೊರೆಯನ್ನು ಇಳಿಸಿತು. ಎಕ್ಸ್‌ಪ್ಲೋರರ್ ‘ಇನ್ಸರ್ಟ್‌ರೂಲ್’ ಅನ್ನು ಒಪ್ಪಿದ್ದು 2011ರ ಒಂಬತ್ತನೆಯ ಆವೃತ್ತಿಯಲ್ಲಿ.

ಬರೆದ ನಿಯಮ ಬಳಕೆಗೆ ಬರಲು ಹನ್ನೊಂದು ವರ್ಷ! ನಿಯಮ ಹೊರಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಎಲ್ಲರೂ ಅದನ್ನು ಪಾಲಿಸಿದಾಗಲೇ ಅರ್ಜಿದಾರನ ಅಲೆದಾಟ ತಪ್ಪುವುದು. ಇಂದು ಯಾವ ಬ್ರೌಸರಿನಲ್ಲಿ ತೆರೆದರೂ ಪುಟಗಳು ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತವೆಯಾದರೆ, ಅದರ ಹಿಂದೆ ಇಷ್ಟೊಂದು ಜನರ ತಾಳ್ಮೆಯಿದೆ ಎಂಬುದನ್ನು ಮರೆಯಬಾರದು.