ಕಾಫಿ ಮಿಷನ್ನಿನ ಸವೆದ ಹಲ್ಲು

ಬಾಬಾಬುಡನ್‌ಗಿರಿಯ ಹೆಸರೆತ್ತಿದೊಡನೆ ಏಳು ಕಾಫಿ ಬೀಜಗಳ ಕತೆ ಹೇಳುವುದು ನಮ್ಮಲ್ಲಿ ರೂಢಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ನಿನ ಮೋಕಾ ಬಂದರಿನಿಂದ ಆ ಬೀಜಗಳನ್ನು ತಂದು ಈ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ಬೀಜ ಬಂದ ಬಗೆಯನ್ನು ಬರೆದವರು ಅನೇಕರು. ಆ ಬೀಜವನ್ನು ಮನೆಯೊಳಗೆ ಪುಡಿಯಾಗಿಸುತ್ತಿದ್ದ ಕೈಯಂತ್ರದ ಚರಿತ್ರೆಯನ್ನು ಯಾರೂ ಅಷ್ಟಾಗಿ ಗಣನೆಗೆ ತಂದುಕೊಂಡಂತಿಲ್ಲ. ಮೂಡಿಗೆರೆ, ಕಳಸದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ತುಕ್ಕು ಹಿಡಿದು ಕುಳಿತಿರುವ ಈ ‘ಕಾಫಿ ಮಿಷನ್ನು’ ನನ್ನ ದೃಷ್ಟಿಯಲ್ಲಿ ಒಂದು ಒಳ್ಳೆಯ ಚಾರಿತ್ರಿಕ ದಾಖಲೆ. ಅದನ್ನು ಓದಬೇಕಾದದ್ದು ಅದರ ಹಲ್ಲಿನ ಸವೆತದಲ್ಲಿ.

ಇಂದು ಮೋಟಾರು ಕಾರಿಗೆ ಹೆಸರಾಗಿರುವ ಫ್ರಾನ್ಸಿನ ಪೂಜೋ ಮನೆತನ 1840ರಲ್ಲಿ ಕಾಫಿ ಬೀಸುವ ಕೈಯಂತ್ರಗಳನ್ನು ತಯಾರಿಸತೊಡಗಿತು. ಲಂಡನ್ನಿನ ಸ್ಪಾಂಗ್ ಕಂಪನಿಯ ಎರಕದ ಕಬ್ಬಿಣದ ಯಂತ್ರಗಳೂ ಪ್ರಸಿದ್ಧವಾಗಿದ್ದವು. ನಮ್ಮ ಕಡೆ ನಾನು ಕಂಡವು ಬಹುಪಾಲು ಈ ಎರಡು ಮಾದರಿಗಳವೇ. ಒಂದು, ಮೇಜಿನ ಅಂಚಿಗೆ ಬಿಗಿಯುವಂಥದು. ಇನ್ನೊಂದು, ಮೊಣಕಾಲುಗಳ ನಡುವೆ ಅವುಚಿ ಹಿಡಿದು ತಿರುಗಿಸುವ ಮರದ ಪೆಟ್ಟಿಗೆ. ಎರಡರ ಒಳಗುಟ್ಟೂ ಒಂದೇ. ಹಲ್ಲುಗಳಿರುವ ಒಂದು ಬಳೆ ಸ್ಥಿರವಾಗಿರುತ್ತದೆ. ಅದರೊಳಗೆ ಹಲ್ಲುಗಳಿರುವ ಒಂದು ಶಂಕು ಹಿಡಿಕೆಯೊಡನೆ ತಿರುಗುತ್ತದೆ. ನಡುವಣ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಸಂದನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಪು. ತತ್ತ್ವದಲ್ಲಿ ಇದು ನಮ್ಮ ಬೀಸುವ ಕಲ್ಲಿನ ತಮ್ಮನೇ ಸರಿ. ಕಲ್ಲು ನುಣುಪಾದರೆ ಉಳಿಯಿಂದ ಹೊಡೆಸಿ ಒರಟು ಮಾಡಿಸುತ್ತಿದ್ದರು. ಈ ಕಬ್ಬಿಣದ ತಮ್ಮನಿಗೆ ಆ ಚಿಕಿತ್ಸೆ ಅಷ್ಟು ಸುಲಭವಾಗಿರಲಿಲ್ಲ.

ರೋಗ ಮೊದಲು ಗೊತ್ತಾಗುತ್ತಿದ್ದುದು ಯಂತ್ರದಲ್ಲಲ್ಲ, ಫಿಲ್ಟರಿನಲ್ಲಿ. ಹಲ್ಲು ಚೂಪಾಗಿದ್ದರೆ ಬೀಜ ಕತ್ತರಿಸಿದಂತೆ ಒಡೆದು ಪುಡಿ ಒಂದೇ ಸಮನಾಗಿ ಬೀಳುತ್ತದೆ. ಹಲ್ಲು ಮೊಂಡಾದರೆ ಬೀಜ ಜಜ್ಜಿಹೋಗಿ, ದಪ್ಪ ನುಚ್ಚೂ ಬೂದಿಯಂಥ ಧೂಳೂ ಒಟ್ಟಿಗೆ ಇಳಿಯುತ್ತವೆ. ಧೂಳು ಫಿಲ್ಟರಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ನುಚ್ಚು ತನ್ನ ಸಾರವನ್ನು ಬಿಟ್ಟುಕೊಡುವುದಿಲ್ಲ. ರಾತ್ರಿ ಹಾಕಿದ ಡಿಕಾಕ್ಷನ್ ಬೆಳಗಾದರೂ ಅರ್ಧಕ್ಕೇ ನಿಂತಿರುತ್ತದೆ, ಇಳಿದಷ್ಟಕ್ಕೂ ರುಚಿಯಿರುವುದಿಲ್ಲ. ಆಗ ಮನೆಯ ಗಂಡಸರು ಬೈಯುತ್ತಿದ್ದುದು ಯಂತ್ರವನ್ನಲ್ಲ, ಕಾಫಿ ಹಾಕಿದವಳನ್ನು! ಪ್ರತಿದಿನ ಹಿಡಿಕೆ ತಿರುಗಿಸುತ್ತಿದ್ದ ಆ ಹೆಣ್ಣುಮಗಳ ಭುಜಕ್ಕೆ ಯಂತ್ರ ಭಾರವಾಗಿದೆಯೆಂಬುದು ಎಷ್ಟೋ ವಾರಗಳ ಹಿಂದೆಯೇ ತಿಳಿದಿರುತ್ತಿತ್ತು. ಕೇಳಿದವರಾರು?

ಸವೆತ ಎಲ್ಲಿದೆಯೆಂದು ಪತ್ತೆಹಚ್ಚುವ ಒಂದು ಕ್ರಮವನ್ನು ಕಳಸದ ಕಡೆ ನಾನು ಅಧ್ಯಾಪಕನಾಗಿದ್ದಾಗ ಒಬ್ಬ ವೃದ್ಧ ಆಚಾರಿಯಿಂದ ತಿಳಿದೆ. ಬೀಜ ಹಾಕದೆ, ಹಲ್ಲಿಗೆ ಹಲ್ಲು ತುಸುವೇ ತಾಗುವವರೆಗೆ ತಿರುಪು ಬಿಗಿದು, ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿ ಕಿವಿಗೊಡಬೇಕು. ಸುತ್ತಿನುದ್ದಕ್ಕೂ ಒಂದೇ ಸದ್ದಾದರೆ ಶಂಕು ನಟ್ಟನಡುವೆ ಇದೆ. ಆಗ ನೋಡಬೇಕಾದದ್ದು ಹಲ್ಲಿನ ಅಂಚನ್ನು. ಒಂದು ಕಡೆ ಮಾತ್ರ ಉಜ್ಜಿದರೆ ದೋಷ ಹಲ್ಲಿನದೇ ಆಗಬೇಕೆಂದಿಲ್ಲ: ಕಡ್ಡಿ ಬಾಗಿರಬಹುದು, ಅಥವಾ ಅದನ್ನು ಹಿಡಿದಿರುವ ಬುಷ್ ಸವೆದು ಕಡ್ಡಿ ಓಲಾಡುತ್ತಿರಬಹುದು. ಹಿಡಿಕೆಯನ್ನು ಅಡ್ಡಡ್ಡಲಾಗಿ ಅಲ್ಲಾಡಿಸಿದರೆ ಓಲಾಟ ಬೆರಳಿಗೇ ಸಿಗುತ್ತದೆ. ಬುಷ್ ಸವೆದಿದ್ದರೆ ಲೇತಿನಲ್ಲಿ ಹಿತ್ತಾಳೆಯ ಹೊಸ ಬುಷ್ ಕಡೆಸಬೇಕು. ಪೇಟೆ ದೂರವಿದ್ದವರು ಹಿತ್ತಾಳೆ ತಗಡಿನ ಪಟ್ಟಿಯನ್ನು ಸುತ್ತಿ ಕೆಲಕಾಲ ದೂಡುತ್ತಿದ್ದರು. ಹಲ್ಲೇ ಮೊಂಡಾಗಿದ್ದರೆ ಮೂರುಮೂಲೆಯ ಅರದಿಂದ ಹಲ್ಲುಗಳ ನಡುವಣ ಗಾಡಿಯನ್ನು ಆಳ ಮಾಡಬೇಕು, ತಲೆಯನ್ನು ಮಾತ್ರ ಉಜ್ಜಬಾರದು. ಒಂದು ಹಲ್ಲು ಗಿಡ್ಡವಾದರೂ ಅಲ್ಲಿ ನುಚ್ಚು ಜಾರುತ್ತದೆ. ಅರ ಕಚ್ಚದೆ ಜಾರಿದರೆ ಲೋಹ ಗಡಸು ಮಾಡಿದ್ದೆಂದು ತಿಳಿದು ಕೈಬಿಡುವುದೇ ಒಳಿತು.

ಇಷ್ಟಕ್ಕೂ ಕಾಫಿ ಬೀಜದಂಥ ಮೆದು ವಸ್ತು ಕಬ್ಬಿಣವನ್ನು ಇಷ್ಟು ಬೇಗ ತಿಂದೀತೆ? ಹುರಿದ ಬೀಜ ಬೆರಳಿನೊತ್ತಿಗೇ ಒಡೆಯುವಂಥದು. ಹಲ್ಲನ್ನು ತಿಂದದ್ದು ಬೀಜವಲ್ಲ, ಕಲ್ಲು. ಇಲ್ಲಿ ಯಂತ್ರದ ಚರಿತ್ರೆ ಸೀಮೆಯ ಚರಿತ್ರೆಯನ್ನು ಸೇರುತ್ತದೆ. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರನು ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮನೆಬಳಕೆಗೂ ಬಿತ್ತನೆಗೂ ಮಿತವಾದಷ್ಟನ್ನು ಇಟ್ಟುಕೊಳ್ಳಬಹುದಿತ್ತು. ಪೂಲಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಸಿಪ್ಪೆ ಕಳಚಿ, ಕಲ್ಲು ಕಸ ಬೇರ್ಪಟ್ಟು, ದರ್ಜೆಯಾಗಿ ದೇಶಾಂತರಕ್ಕೆ ಹೊರಡುತ್ತಿತ್ತು. ನಾನು ಕಂಡ ಸಣ್ಣ ಹಿಡುವಳಿದಾರರ ಮನೆಗಳಲ್ಲಿ ಅಡುಗೆಮನೆಗೆ ಉಳಿಯುತ್ತಿದ್ದುದು ಸಗಣಿ ಸಾರಿಸಿದ ಮಣ್ಣಿನ ಕಣದಲ್ಲಿ ಕೊನೆಗೆ ಗುಡಿಸಿದ ಚೆರಿ ಕಾಫಿ. ಅದನ್ನು ಒರಳಲ್ಲಿ ಕುಟ್ಟಿ, ಗೆರಸಿಯಲ್ಲಿ ಕೇರಿದರೆ ಹೊಟ್ಟು ಹಾರೀತೇ ಹೊರತು ಬೀಜದಷ್ಟೇ ತೂಕದ ಕಲ್ಲು ಹಾರದು. ಸಂಜೆಯ ಬೆಳಕಿನಲ್ಲಿ ಆರಿಸಿದರೂ ಒಂದೆರಡು ಕಲ್ಲು ಹುರಿಯುವ ಬಾಣಲೆಯಲ್ಲಿ ಕಪ್ಪಾಗಿ, ಬೀಜದ ವೇಷ ಧರಿಸಿ ಯಂತ್ರದೊಳಗೆ ಇಳಿಯುತ್ತಿದ್ದವು. ‘ಕಟಕ್’ ಎಂಬ ಸದ್ದು, ಹಿಡಿಕೆ ನಿಂತಿತು, ಒಂದು ಹಲ್ಲು ಮುರಿಯಿತು.

ಪೂಲ್ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರರಿಗೆ ಪೂರ್ಣ ಮಾರಾಟ ಸ್ವಾತಂತ್ರ್ಯ ದೊರೆಯಿತು. ಅಷ್ಟರಲ್ಲಿ ಪೇಟೆಗಳಲ್ಲಿ ವಿದ್ಯುತ್ ಗಿರಣಿಯ ಕಾಫಿಪುಡಿ ಅಂಗಡಿಗಳು ನೆಲೆಯೂರಿದ್ದವು. ಕೈಮಿಷನ್ನು ಅಟ್ಟ ಹತ್ತಿತು. ಈಗ ಕೆಲವು ಹೋಂಸ್ಟೇಗಳಲ್ಲಿ ಅದಕ್ಕೆ ಬಣ್ಣ ಬಳಿದು ಪಡಸಾಲೆಯಲ್ಲಿ ಇಟ್ಟಿರುತ್ತಾರೆ. ಕಂಡರೆ ತಿರುಪು ಸಡಿಲಿಸಿ ಶಂಕುವನ್ನು ಹೊರತೆಗೆದು ನೋಡಿ. ಮೇಲಿನ ದಪ್ಪ ಹಲ್ಲುಗಳಲ್ಲಿ ಚಕ್ಕೆ ಎದ್ದ ಗುರುತುಗಳಿರುತ್ತವೆ. ಅವು ಕಲ್ಲಿನ ಗುರುತುಗಳು. ಕೆಳಗಿನ ಸಣ್ಣ ಹಲ್ಲುಗಳ ಮೇಲೆ ಬೆರಳಾಡಿಸಿದರೆ ತಿರುಗುವ ದಿಕ್ಕಿನ ಅಂಚು ದುಂಡಗೆ, ಹಿಂದಣ ಅಂಚು ಇನ್ನೂ ಚೂಪಾಗಿ ಸಿಗುತ್ತದೆ.