ಕೀಲೆಣ್ಣೆಯಿಂದ ಗ್ರೀಸಿನವರೆಗೆ

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಅದಕ್ಕೂ ಮುನ್ನ ಹೊಸೂರು ರಸ್ತೆಯು ಎತ್ತಿನ ಗಾಡಿ, ಲಾರಿಗಳದಾಗಿತ್ತು.

ಗಾಡಿಯ ಕಡಾಣಿ ತೆಗೆದು, ಚಕ್ರವನ್ನು ಹೊರಗೆಳೆದು, ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆಯನ್ನು ಅಚ್ಚಿಗೆ ಸವರುತ್ತಿದ್ದರು. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿಗಳ ತಯಾರಿಕೆ ಆರಂಭವಾಯಿತು. ಇಂತಹ ಲಾರಿಗಳಿಗೆ ಬೇಕಾದದ್ದು ಗ್ರೀಸು.

ಗ್ರೀಸ್ ಗನ್ ಒಂದಿದ್ದರೆ ಸಾಕೆಂದು ಹಲವರು ಭಾವಿಸುತ್ತಾರೆ. ಅದು ನಿಪ್ಪಲ್ ಇರುವ ಸ್ಪ್ರಿಂಗ್ ಪಿನ್, ಕಿಂಗ್ ಪಿನ್‌ಗಳಿಗೆ ಒದಗುತ್ತದೆ. ಚಕ್ರದ ಬೇರಿಂಗಿಗಾದರೋ ಸಾಮಾನ್ಯವಾಗಿ ಹಬ್ ಬಿಚ್ಚಲೇಬೇಕು. ಜಾಕಿ, ದೊಡ್ಡ ಪಾನಾ, ಸೀಮೆಎಣ್ಣೆಯ ಬೋಗುಣಿ, ಇವೇ ಸಲಕರಣೆಗಳು. ತೊಳೆದು ಒಣಗಿಸಿದ ಬೇರಿಂಗಿನ ಅಗಲದ ಅಂಚನ್ನು, ಅಂಗೈಯಲ್ಲಿಟ್ಟ ಗ್ರೀಸಿಗೆ ಒತ್ತುತ್ತಾ, ರೋಲರುಗಳ ನಡುವಿನಿಂದ ಅದು ಮೇಲೆ ಇಣುಕುವವರೆಗೆ ತುಂಬಬೇಕು. ಹಬ್ಬಿನೊಳಗೆ ಗ್ರೀಸು ಅತಿಯಾದರೆ ಬಿಸಿಗೆ ಕರಗಿ ಬ್ರೇಕಿಗೆ ಹರಿದೀತು. ಬೇರಿಂಗಿನಲ್ಲಿ ಕಡಿಮೆಯಾದರೆ ಬೇರಿಂಗ್ ಹಿಡಿದು ಚಕ್ರವೇ ಕಳಚೀತು. ಚಾಲಕನ ಪ್ರಾಣವು ಆ ಅಂಗೈಯ ಅಂದಾಜನ್ನು ಅವಲಂಬಿಸಿತ್ತು.

ನಾನು ಪಾಠ ಮಾಡಿದ ಇತಿಹಾಸ ಪುಸ್ತಕಗಳಲ್ಲಿ ರಸ್ತೆಗಳಿದ್ದವು, ಈ ಕೈಗಳಿರಲಿಲ್ಲ. ನಿಮ್ಮ ಮನೆಗಳಲ್ಲಿ ಲಾರಿ ಓಡಿಸಿದ, ರಿಪೇರಿ ಮಾಡಿದ ಹಿರಿಯರಿದ್ದರೆ, ಅವರನ್ನು ಕೇಳಿ ಬರೆದಿಡಿರೆಂದು ನನ್ನ ವಿದ್ಯಾರ್ಥಿಗಳಲ್ಲಿ ವಿನಂತಿ.